ಅಗ್ನಿಮೂಲೆ ಮತ್ತು ಟ್ರೇಲರಿನ ಕೊಕ್ಕೆ

ಮುನ್ನೂರು ಜನರ ಹುಳಿಗೆ ಎಷ್ಟು ಬೇಳೆ ಬೇಕು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ಜೆ.ಸಿ. ರಸ್ತೆಯ ವಾಹನದ ಬಿಡಿಭಾಗಗಳ ಅಂಗಡಿಯವರು, "ನಿಮ್ಮ ಟ್ರೇಲರ್ ಮೂತಿ ಮೇಲೆ ಎಷ್ಟು ಭಾರ ಬೀಳತ್ತೆ ಮೇಡಂ?" ಎಂದಾಗ, "ಮೂತೀನಾ?" ಎಂದು ಅವರನ್ನೇ ತಿರುಗಿ ಕೇಳಿದೆ. ಟ್ರೇಲರಿಗೆ ಮೂತಿ ಇರುತ್ತದೆ, ಎಳೆಯುವ ಗಾಡಿಗೆ ಸಿಕ್ಕಿಸುವ ಮುಂತುದಿಯೇ ಅದು ಎಂದು ತಿಳಿದದ್ದೇ ಆವಾಗ.

ಚಾಮರಾಜಪೇಟೆಯ ಮನೆಯಿಂದಲೇ ಮದುವೆ ಮುಂಜಿಗಳಿಗೆ ಅಡುಗೆ ಒಪ್ಪಿಕೊಳ್ಳುವವಳು ನಾನು. ಈಗಿನವರು ಊರಾಚೆಯ ತೋಟಗಳಲ್ಲಿ ಮದುವೆ ಮಾಡುತ್ತಾರೆ. ಅಲ್ಲಿ ಹೂವಿನ ಅಲಂಕಾರಕ್ಕೆ ಕೊರತೆಯಿಲ್ಲ, ಅಡುಗೆಮನೆ ಮಾತ್ರ ಒಂದು ತಗಡಿನ ಚಪ್ಪರ. ಅದಕ್ಕೇ ಒಲೆ, ದೊಡ್ಡ ಗ್ರೈಂಡರು, ನೀರಿನ ಟ್ಯಾಂಕು ಎಲ್ಲವನ್ನೂ ಕೂರಿಸಿದ ಟ್ರೇಲರೊಂದನ್ನು ಮಾಡಿಸಿದೆವು. ಎಳೆಯುವುದಕ್ಕೆ ನಮ್ಮ ಹಳೆಯ ಜೀಪು. ಓಡಿಸುವುದಕ್ಕೆ, ಗುಮಾಸ್ತಗಿರಿಯಿಂದ ನಿವೃತ್ತರಾದ ನಮ್ಮ ಯಜಮಾನರು.

ಈ ಮನುಷ್ಯ ರಾಹುಕಾಲವನ್ನೂ ಲೆಕ್ಕಕ್ಕಿಟ್ಟವರಲ್ಲ. ಅಂಥವರು ಟ್ರೇಲರ್ ಮಾಡುವ ಶೆಡ್ಡಿನಲ್ಲಿ ಮೊಬೈಲಿನ ದಿಕ್ಸೂಚಿ ಹಿಡಿದು ನಿಂತು, ಒಲೆ ಅಗ್ನಿಮೂಲೆಯಲ್ಲೇ ಬರಬೇಕು ಎಂದು ಹಟ ಹಿಡಿದರು. ಆಗ್ನೇಯ ದಿಕ್ಕು ಟ್ರೇಲರಿನ ಮುಂದಿನ ಮೂಲೆಗೆ ಬಂತು. ಒಲೆ ಅಲ್ಲಿ ಕೂತಿತು. ಒಲೆಯ ಪಕ್ಕ ಗ್ರೈಂಡರು, ಅದರ ಪಕ್ಕ ಟ್ಯಾಂಕು. ಮನೆಗೆ ತಂದು ನಿಲ್ಲಿಸಿದಾಗ ಗಾಡಿ ಮುಖ ಮಾಡಿದ್ದು ಬೇರೆ ಕಡೆಗೆ.

"ಈಗ ಅಗ್ನಿಮೂಲೆ ಎಲ್ಲಿದೇ ರೀ?" ಎಂದೆ.

"ಮಾಡಿಸಿದಾಗ ಎಲ್ಲಿತ್ತೋ ಅದೇ ಲೆಕ್ಕ," ಎಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಒಪ್ಪಿಕೊಂಡಿದ್ದ ಮೊದಲ ತೋಟದ ಮದುವೆಗೆ ಮುಂಚೆ ಒಮ್ಮೆ ಕನಕಪುರ ರಸ್ತೆಯಲ್ಲಿ ಎಳೆದು ನೋಡೋಣವೆಂದು ಹೊರಟೆವು. ಜೀಪಿನ ಹಿಂಭಾಗ ಕುಸಿದು, ಮುಂಭಾಗ ಆಕಾಶ ನೋಡುತ್ತಿತ್ತು. ಇಳಿಜಾರಿನಲ್ಲಿ ಇವರು ಸ್ಟೇರಿಂಗ್ ತಿರುಗಿಸಿದರೆ ಜೀಪು ಯೋಚನೆ ಮಾಡಿ ತಿರುಗುತ್ತಿತ್ತು. ಎದುರಿಗೆ ಲಾರಿ ಬಂತು. ಲಾರಿ ದಾಟಿದ ಮೇಲೆ ಇವರು, "ಏನಿಲ್ಲ, ಮುಂದೆ ಸ್ವಲ್ಪ ಹಗುರ ಆಗಿದೆ ಅಷ್ಟೆ," ಎಂದು ನಕ್ಕರು. ಅವರ ಶರ್ಟಿನ ಬೆನ್ನು ಪೂರ್ತಿ ಒದ್ದೆಯಾಗಿತ್ತು. ನನಗೆ ನಗು ಬರಲಿಲ್ಲ. ಈ ಗಾಡಿ ಇವರನ್ನು ತಿಂದುಬಿಡುತ್ತದೆ ಎಂದು ಎದೆಯಲ್ಲಿ ಕೂತಿದ್ದು ಆಮೇಲೆ ಏಳಲೇ ಇಲ್ಲ. ಈ ಮದುವೆಯ ಅಡುಗೆ ಬೇಡ ಎಂದುಬಿಡೋಣ ಎಂದೆ. ಮಾತು ಕೊಟ್ಟಾಗಿದೆ ಎಂದರು.

ಅಂಗಡಿ ಅಂಗಡಿ ಸುತ್ತಲು ಶುರುಮಾಡಿದ್ದು ಹೀಗೆ. ಯಾರೋ ಹೇಳಿದ್ದರು, ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಅಂತ ಒಂದು ಕೊಕ್ಕೆ ಸಿಗುತ್ತದೆ, ಅದರ ಎರಡು ಉಕ್ಕಿನ ಬಾರುಗಳು, ಅಂದರೆ ಸರಳುಗಳು, ಜೀಪಿನ ಬೆನ್ನಿಗೆ ಬೀಳುವ ಭಾರವನ್ನು ಎತ್ತಿ ಒಂದಷ್ಟನ್ನು ಮುಂದಿನ ಚಕ್ರಗಳಿಗೆ, ಒಂದಷ್ಟನ್ನು ಟ್ರೇಲರಿನ ಚಕ್ರಗಳಿಗೆ ಹಂಚುತ್ತವೆ ಎಂದು. ಕೊಪ್ಪರಿಗೆಯನ್ನು ಒಬ್ಬನೇ ಹೊರುವ ಬದಲು ನಾಲ್ಕು ಜನ ಕೈಹಾಕಿದ ಹಾಗೆ ಎಂದು ಅರ್ಥಮಾಡಿಕೊಂಡೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮೊದಲನೆಯವರು, ಇರೋದರಲ್ಲೇ ಗಟ್ಟಿಯಾದ ಬಾರು ತಗೊಳ್ಳಿ ಎಂದರು. ಎರಡನೆಯವರು, ಅಯ್ಯೋ, ಅತಿ ಗಟ್ಟಿಯಾದರೆ ಟ್ರೇಲರಿನ ಚೌಕಟ್ಟೇ ಬಿರುಕು ಬಿಡುತ್ತೆ, ಭಾರಕ್ಕೆ ತಕ್ಕದ್ದೇ ಬೇಕು ಎಂದರು. ಮೂರನೆಯವರು, ಅದೆಲ್ಲ ಫಾರಿನ್ ಶೋಕಿ, ಜೀಪಿನ ಹಿಂದಿನ ಸ್ಪ್ರಿಂಗಿಗೆ ಇನ್ನೆರಡು ಪಾಟಾ ಹಾಕಿಸಿ ಎಂದರು. ಪಾಟಾ ಹಾಕಿದರೆ ಹಿಂಭಾಗ ಎದ್ದು ನಿಲ್ಲುತ್ತೆ, ಆದರೆ ಮುಂದಿನ ಚಕ್ರಕ್ಕೆ ಭಾರ ವಾಪಸ್ ಬರಲ್ಲ ಎಂದು ಎರಡನೆಯವರು ಆಗಲೇ ಹೇಳಿದ್ದರು. ಯಾರನ್ನು ನಂಬುವುದು? ಮೂವರೂ ಒಳ್ಳೆಯವರಂತೆಯೇ ಕಾಣುತ್ತಿದ್ದರು.

ಮೂತಿಯ ಭಾರ ತಿಳಿಯದೆ ಏನೂ ಕೊಡುವುದಿಲ್ಲ ಎಂದವರು ಎರಡನೆಯವರೊಬ್ಬರೇ. ಪಕ್ಕದ ಬೀದಿಯ ತರಕಾರಿ ವ್ಯಾಪಾರಿಯಿಂದ ಮೂಟೆ ತೂಗುವ ತಕ್ಕಡಿ ತಂದೆವು. ಮದುವೆಗೆ ಹೊರಡುವ ಹಾಗೆಯೇ ನೀರು, ಪಾತ್ರೆ ಎಲ್ಲ ತುಂಬಿ, ಮೂತಿಯನ್ನು ಅದರ ಮೇಲೆ ಇಳಿಸಿದೆವು. ಅಂಕಿ ಏರುತ್ತಲೇ ಹೋಯಿತು. ಎರಡನೆಯ ಅಂಗಡಿಗೆ ಫೋನಿನಲ್ಲಿ ಹೇಳಿದೆ.

"ನಿಮ್ಮ ಜೀಪಿಗೆ ಇದು ಜಾಸ್ತಿ ಆಯ್ತು ಮೇಡಂ," ಎಂದರು ಅಂಗಡಿಯವರು. "ಯಾವ ಹಿಚ್ ಹಾಕಿದ್ರೂ ಜೀಪ್ ಹೊರೋ ಮಿತಿ ಹೆಚ್ಚಾಗಲ್ಲ. ಮುಂದಿರೋ ಭಾರ ಚಕ್ರದ ಮೇಲಕ್ಕೆ ಸರಿಸಿ, ಮತ್ತೆ ತೂಗಿ. ಪೂರ್ತಿ ಹಿಂದಕ್ಕೂ ತಳ್ಬೇಡಿ, ಓಡೋವಾಗ ಟ್ರೇಲರ್ ಬಾಲ ಅಲ್ಲಾಡಿಸತ್ತೆ."

"ಒಲೆ ಅಲ್ಲಿಂದ ಅಲ್ಲಾಡಲ್ಲ," ಎಂದರು ಇವರು.

ನನಗೆ ರೇಗಿಹೋಯಿತು. "ನಿಮ್ಮ ಜೀವಕ್ಕಿಂತ ಆ ಮೂಲೆ ದೊಡ್ಡದಾಯ್ತಾ? ಇಡೀ ಜೀವಮಾನದಲ್ಲಿ ಇಲ್ದೇ ಇದ್ದ ಶಾಸ್ತ್ರ ಈಗ ಎಲ್ಲಿಂದ ಬಂತು ರೀ?" ಎಂದು ಬೀದಿಯಲ್ಲೇ ಕೂಗಾಡಿದೆ.

ಇವರು ತಕ್ಕಡಿಯನ್ನೇ ನೋಡುತ್ತಾ ನಿಂತರು. "ಆ ಗೃಹಪ್ರವೇಶದ ಮನೇಲಿ ನಿನ್ನ ಸೆರಗಿಗೆ ಬೆಂಕಿ ಹತ್ತಿತ್ತಲ್ಲ. ನಾನು ಹೊರಗಡೆ ಎಲೆ ಹಾಕಿಸ್ತಾ ನಿಂತಿದ್ದೆ. ಒಳಗೆ ಬರೋ ಹೊತ್ತಿಗೆ ನೀನೇ ಆರಿಸ್ಕೊಂಡಿದ್ದೆ," ಎಂದರು. ಆಮೇಲೆ, "ನಂಬಿಕೆ ಗಿಂಬಿಕೆ ಏನಿಲ್ಲ ಕಣೇ. ಒಲೆ ಮುಂದೆ ನಿಲ್ಲೋಳು ನೀನು. ಇನ್ನೇನು ಮಾಡ್ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ," ಎಂದರು.

ಅದನ್ನು ನಾನು ಮರೆತೇಬಿಟ್ಟಿದ್ದೆ. ಒದ್ದೆ ಬಟ್ಟೆಯಿಂದ ತಟ್ಟಿ ಆರಿಸಿ, ಸೆರಗು ಸುತ್ತಿ ಸಿಕ್ಕಿಸಿಕೊಂಡು ಹುಳಿಗೆ ಒಗ್ಗರಣೆ ಹಾಕಿದ್ದೆ. ಇವರು ಇಷ್ಟು ದಿನವೂ ಅದನ್ನು ಹೊತ್ತುಕೊಂಡು ಓಡಾಡಿದ್ದಾರೆಂದು ನನಗೆ ಹೇಗೆ ತಿಳಿಯಬೇಕು? ಅಳು ಬಂತು. ತಕ್ಕಡಿ ವಾಪಸ್ ಒಯ್ಯಲು ಬಂದಿದ್ದ ವ್ಯಾಪಾರಿ ಗಾಬರಿಯಾಗಿ, ಪರವಾಗಿಲ್ಲಮ್ಮ, ನಾಳೆ ಕೊಡಿ ಎಂದು ಹೊರಟುಹೋದ.

ಮಾರನೆಯ ದಿನ ಶೆಡ್ಡಿನವರು ಗ್ರೈಂಡರನ್ನೂ ಟ್ಯಾಂಕನ್ನೂ ಚಕ್ರದ ಮೇಲಕ್ಕೆ ತಂದು ಕೂರಿಸಿದರು. ಮತ್ತೆ ತೂಗಿದಾಗ ಮೂತಿಯ ಭಾರ ಜೀಪಿನ ಮಿತಿಯೊಳಗೆ ಬಂದಿತ್ತು. ಆ ತೂಕಕ್ಕೆ ಹೊಂದುವ ಬಾರುಗಳನ್ನು ಎರಡನೆಯ ಅಂಗಡಿಯಲ್ಲೇ ಕೊಂಡೆವು. ಜೀಪಿನ ಮುಂಭಾಗ ಕೆಳಗಿಳಿಯಿತು. ಆ ಬಾರುಗಳು ಹೇಗೆ ಕೆಲಸ ಮಾಡುತ್ತವೆ ಎಂದು ಈಗ ಕೇಳಿದರೂ ತಡವರಿಸುತ್ತೇನೆ. ಇನ್ನೂ ಸ್ವಲ್ಪ ಭಾರ ಇಳಿಸಬಹುದು, ಒಲೆಯನ್ನೂ ಹಿಂದಕ್ಕೆ ಸರಿಸಿಬಿಡಲೇ ಎಂದು ಶೆಡ್ಡಿನವರು ಕೇಳಿದರು. ಈ ಸಲ ಬೇಡವೆಂದವಳು ನಾನು.