ಹಿಡಿಯೊಳಗಿನ ಉಕ್ಕು

ಮರಾಠಿ ಸೀಮೆಯ ವಾಳೂಜಿನಲ್ಲಿ, ಕಾರ್ಖಾನೆಗಳ ಪಕ್ಕದ ಸಸ್ಯಾಹಾರಿ ಹೋಟೆಲೊಂದರಲ್ಲಿ ನಾನು ತರಕಾರಿ ಹೆಚ್ಚುತ್ತಾ ಒಂಬತ್ತು ವರ್ಷವಾಯಿತು. ಬೆಳಿಗ್ಗೆ ಕೂತರೆ ಈರುಳ್ಳಿ ಚೀಲ ಮುಗಿಯುವವರೆಗೆ ಏಳುವಂತಿಲ್ಲ. ನನ್ನೆದುರು ಕೂರುತ್ತಿದ್ದವಳು ನಮ್ಮ ಬೀದರ್ ಕಡೆಯವಳೇ. ನನಗಿಂತ ಹತ್ತು ವರ್ಷ ದೊಡ್ಡವಳು, ಅಕ್ಕ ಎಂದೇ ಕರೆಯುತ್ತೇನೆ.

ಹೋದ ವರ್ಷ ಯಜಮಾನರು ಹಳೆಯ ಚಾಕುಗಳನ್ನು ತೆಗೆಸಿ ಒಂದು ಡಜನ್ ಹೊಸವನ್ನು ತಂದರು. ಅವರು ಕುಂದಾಪುರದ ಕಡೆಯವರು. ಕೆಟ್ಟವರಲ್ಲ, ಅಂಗಡಿಯವರ ಮಾತನ್ನು ಬೇಗ ನಂಬುವವರು. ಕೆಂಪು ಪ್ಲಾಸ್ಟಿಕ್ ಹಿಡಿ, ಕನ್ನಡಿಯಂಥ ಅಲಗು. ಎಂಟನೇ ದಿನಕ್ಕೆ ಅವು ಟೊಮೆಟೊ ಸಿಪ್ಪೆಯ ಮೇಲೆ ಜಾರತೊಡಗಿದವು. ಚಾಕು ಮೊಂಡಾದಷ್ಟೂ ಕೈ ಒತ್ತಬೇಕು. ಸಂಜೆಗೆ ಮಣಿಕಟ್ಟು ಊದುತ್ತಿತ್ತು. ಅಕ್ಕನ ಚಾಕುವಿನ ಹಿಡಿ ಅಲುಗಾಡುತ್ತಿತ್ತು, ಬಟ್ಟೆ ಸುತ್ತಿಕೊಂಡು ಹೆಚ್ಚುತ್ತಿದ್ದಳು. ನೋಡಿದೆ. ಯಜಮಾನರಿಗೆ ಹೇಳಲೂ ತ್ರಾಣವಿರಲಿಲ್ಲ, ನನ್ನ ಪಾಲಿನ ಈರುಳ್ಳಿ ಹೆಚ್ಚುತ್ತಾ ಹೋದೆ.

ಒಂದು ದಿನ ಕುಂಬಳಕಾಯಿ ಸೀಳುವಾಗ ಅಲಗು ಕಳಚಿ ಅವಳ ಅಂಗೈ ಸೀಳಿತು. ಯಜಮಾನರೇ ಆಸ್ಪತ್ರೆಗೆ ಕರೆದೊಯ್ದು ಹೊಲಿಗೆ ಹಾಕಿಸಿದರು. ಬಂದವರು ನನ್ನೆದುರು ಗೊಣಗಿದರು: "ಎಂತ ಮಾರಾಯ್ತಿ, ಅವಳಿಗೆ ಸ್ವಲ್ಪ ಜಾಗ್ರತೆ ಬೇಡ್ವಾ?"

ಮುರಿದ ಚಾಕುವನ್ನು ಅವರ ಮುಂದಿಟ್ಟೆ. ಅಲಗಿನ ಬಾಲ ಹಿಡಿಯೊಳಗೆ ಹೆಬ್ಬೆರಳಿನ ಉಗುರಿನಷ್ಟೂ ಹೋಗಿರಲಿಲ್ಲ.

"ಅಕ್ಕಂದು ತಪ್ಪಿಲ್ರಿ. ಹಿಡಿ ಒಳಗ ಏನೂ ಇಲ್ಲ, ನೀವೇ ನೋಡ್ರಿ."

ಬಹಳ ಹೊತ್ತು ತಿರುಗಿಸಿ ನೋಡಿದರು. "ಹಾಗಾದ್ರೆ ಇನ್ನು ನೀವೇ ಆರಿಸಿ," ಎಂದರು. ಅವರು ನನಗೆ ನೀವು ಎಂದದ್ದು ಅದೇ ಮೊದಲು.

ಸಂಜೆ ಅಕ್ಕನ ಖೋಲಿಗೆ ಹೋದೆ. "ಹಿಡಿ ಅಲುಗಾಡೋದು ನಾ ನೋಡಿದ್ದೆ ಅಕ್ಕಾ," ಎಂದೆ.

"ನನಗೂ ಗೊತ್ತಿತ್ತು ಬಿಡು. ಬ್ಯಾರೆ ಚಾಕು ಕೇಳಾಕ ಹೋದ್ರ ಅರ್ಧಾ ತಾಸು ಹೋಗ್ತದ, ಉಳ್ಳಾಗಡ್ಡಿ ಹಂಗೇ ಉಳೀತದ," ಎಂದು ಗೋಡೆಯ ಕಡೆ ಹೊರಳಿದಳು.

ಮುಂದಿನ ವಾರ ಯಜಮಾನರ ತಮ್ಮ ನಾಸಿಕದಲ್ಲಿ ಹೋಟೆಲ್ ಸಾಮಾನು ಕೊಳ್ಳಲು ಹೊರಟಾಗ ನನ್ನನ್ನೂ ಕರೆದೊಯ್ದರು. ದಾರಿಯುದ್ದಕ್ಕೂ ನಿದ್ದೆ ಮಾಡಿದೆ. ಪಾತ್ರೆ ಬಜಾರಿನ ಒಂದು ಅಂಗಡಿಯಲ್ಲಿ ಅಗ್ಗದ ಚಾಕುಗಳನ್ನೆಲ್ಲ ಹರಡಿಸಿದೆ. ಒಂದೊಂದನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ಬೆನ್ನು ನೆಟ್ಟಗಿದೆಯೇ ಎಂದು ನೋಡಿದೆ. ಹಿಡಿ ಮತ್ತು ಅಲಗಿನ ಸಂದಿಗೆ ಉಗುರು ತೂರಿಸಿದೆ. ನೀರು ಕೇಳಿ, ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿದೆ. ನಮ್ಮ ಕೈ ಒಣಗಿರುವುದು ಯಾವಾಗ?

ಅಂಗಡಿಯ ಮುದುಕಿ ಮರಾಠಿಯಲ್ಲಿ, "ತಾಯಿ, ಚಾಕು ಕೊಳ್ಳೋಕೆ ಬಂದೆಯೋ, ಮಗಳಿಗೆ ಗಂಡು ನೋಡೋಕೋ?" ಎಂದು ನಕ್ಕಳು. ಆಮೇಲೆ ನನ್ನ ಬೆರಳುಗಳನ್ನು ನೋಡಿ, ಒಳಗಿನಿಂದ ಮಾಸಲು ಬಣ್ಣದ, ಮರದ ಹಿಡಿಯ ಚಾಕುಗಳನ್ನು ತಂದಳು. ಹೊಳಪಿಲ್ಲವೆಂದು ಯಾರೂ ಒಯ್ಯುವುದಿಲ್ಲವಂತೆ. ಹಿಡಿಯ ತುದಿಯವರೆಗೂ ಉಕ್ಕು ಕಾಣುತ್ತಿತ್ತು, ಮೂರು ಮೊಳೆ ಬಡಿದಿದ್ದರು. ದಿನವೂ ಒರೆಸಿಡದಿದ್ದರೆ ತುಕ್ಕು ಹಿಡಿಯುತ್ತದೆ ಎಂದು ಅವಳೇ ಹೇಳಿದಳು. ಅಷ್ಟು ಹೇಳಿದ್ದಕ್ಕೇ ನಂಬಿಕೆ ಬಂತು. ಕೆಂಪು ಹಿಡಿಯವಕ್ಕಿಂತ ಅಗ್ಗಕ್ಕೆ ಆರು ತಂದೆ.

ಒಂದೂವರೆ ತಿಂಗಳ ಮೇಲೆ ಅಕ್ಕ ಕೆಲಸಕ್ಕೆ ಬಂದಳು. ಎಲ್ಲಕ್ಕಿಂತ ಹಗುರಾದದ್ದನ್ನು ಅವಳಿಗೆಂದು ಎತ್ತಿಟ್ಟಿದ್ದೆ. ಹಿಡಿಯಲು ನೋಡಿದಳು, ಹೊಲಿಗೆ ಬಿದ್ದ ಕೈಯ ನಡುಬೆರಳು ಮಡಚಲಿಲ್ಲ.

"ಛಲೋ ಅದ. ನೀನೇ ಇಟ್ಕೋ," ಎಂದು ವಾಪಸು ಕೊಟ್ಟಳು.

ಈಗ ಅವಳು ಬೆಳ್ಳುಳ್ಳಿ ಸುಲಿಯುತ್ತಾಳೆ. ಅವಳ ಪಾಲಿನ ಈರುಳ್ಳಿಯನ್ನೂ ನಾನೇ ಹೆಚ್ಚುತ್ತೇನೆ.