ಹಗ್ಗ ಹಿಡಿದವರ ಪಾಲು

ಮೀನುಗಾರರ ಒಂದು ಊರಿನಲ್ಲಿ ಬಲೆಯ ಹಗ್ಗದಿಂದ ಒಬ್ಬ ವಿಧವೆಯ ಕೈ ಬಿಡಿಸಿದವನು ನಾನು. ತಮಾಷೆಗೆ. ಅದೂ ಏನು ಮಾಡುತ್ತಿದ್ದೇನೆಂದು ಪೂರ್ತಿ ಗೊತ್ತಿದ್ದು.

ನಗುವವರು ಈಗಲೇ ನಕ್ಕುಬಿಡಿ. ಪುಣೆಯ ಕನ್ನಡಿಗರಲ್ಲಿ ನನ್ನಂಥ ಕಿಡಿಗೇಡಿ ಇನ್ನೊಬ್ಬ ಹುಟ್ಟಿಲ್ಲ — ಎಪ್ಪತ್ತು ದಾಟಿದರೂ ಎದೆ ತಟ್ಟಿ ಹೇಳುತ್ತೇನೆ. ದೇಸಾಯರ ನಿವೃತ್ತಿ ಸಮಾರಂಭಕ್ಕೆ ಅವರ ಮುಖವನ್ನೇ ಕಾಣದ ಮೂವರನ್ನು ಕರೆತಂದು ಗುಣಗಾನ ಮಾಡಿಸಿದವನು ನಾನು. ಅವರಲ್ಲೊಬ್ಬ ಅತ್ತೂಬಿಟ್ಟ. ಅವರೆಲ್ಲ ತಮ್ಮ ಹಳೆಯ ಸಹೋದ್ಯೋಗಿಗಳೆಂದು ದೇಸಾಯರು ಇಂದಿಗೂ ನಂಬಿದ್ದಾರೆ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಆದರೆ ಹಗ್ಗದ ವಿಷಯ —

ಪುಣೆಯ ಕೊಂಢವಾದಲ್ಲಿ ನನ್ನದೊಂದು ಸಣ್ಣ ಹೋಟೆಲಿದೆ. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ 'ಶುದ್ಧ ಶಾಕಾಹಾರಿ'. ಬರುವವರಲ್ಲಿ ಅರ್ಧಕ್ಕರ್ಧ ಧಾರವಾಡ, ವಿಜಾಪುರ ಕಡೆಯ ಗುಮಾಸ್ತರು, ವ್ಯಾಪಾರಿಗಳು. ಎಲ್ಲರಿಗೂ ನಾನು 'ಅಣ್ಣಾ'. ತೊಂಬತ್ತರ ದಶಕದ ಕೊನೆಯಲ್ಲಿ ಅವರನ್ನೆಲ್ಲ ಒಂದು ಬಸ್ಸಿಗೆ ಹತ್ತಿಸಿ ಕೊಂಕಣದ ಮಾಲವಣದ ಆಚೆಗಿನ ಒಂದು ಮೀನುಗಾರರ ಊರಿಗೆ ಕರೆದೊಯ್ದೆ. ಆಗಷ್ಟೇ ಅಲ್ಲಿಗೆ ಪ್ರವಾಸಿಗಳು ಮುಗಿಬೀಳತೊಡಗಿದ್ದರು. ದೋಣಿ ಒಣಗುವ ಮರಳಿನಲ್ಲಿ ಬಣ್ಣದ ಛತ್ರಿಗಳು, ಬಲೆ ಹೊಲಿಯುವವರ ಪಕ್ಕದಲ್ಲೇ ಒಂಟೆ ಸವಾರಿ.

ಬೆಳಿಗ್ಗೆ ದಡದಲ್ಲಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ಮರಳಿನ ಮೇಲಿಂದ ಎಳೆಯುವ ಪದ್ಧತಿ. ನಮ್ಮ ಕಡೆ ರಂಪಣಿ ಎನ್ನುತ್ತಾರೆ. ಅದಕ್ಕೊಂದು ಕಟ್ಟಳೆಯಿದೆ — ಬಲೆ ಯಾರದೇ ಆಗಲಿ, ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ಇಲ್ಲ ಎನ್ನುವಂತಿಲ್ಲ.

"ಅಣ್ಣಾರ, ಅಲ್ಲಿ ಏನ್ ನಡದದರೀ?" ಎಂದರು ಹಿರೇಮಠರು. ಕಾರ್ಖಾನೆಯೊಂದರ ಗುಮಾಸ್ತರು, ನನ್ನ ಕಾಯಂ ಗಿರಾಕಿ.

"ಹಗ್ಗ ಜಗ್ಗಾಟ ರೀ. ಬರ್ರಿ, ಎಲ್ಲಾರೂ ಕೈ ಹಚ್ಚರಿ. ಫೋಟೋ ಭಾಳ ಚಲೋ ಬರ್ತಾವ!"

ಮೂವತ್ತೆರಡು ಜನ ಹಗ್ಗ ಹಿಡಿದರು. ಮೊಟ್ಟೆಯನ್ನೂ ಮುಟ್ಟದ ಮೂವತ್ತೆರಡು ಜನ! ಯೋಚಿಸುವಾಗಲೇ ನನಗೆ ಹೊಟ್ಟೆಯೊಳಗೆ ನಗು ಉಕ್ಕುತ್ತಿತ್ತು. ನಾನೂ ಹಿಡಿದೆ. ನನ್ನ ಮುಂದೆ ಒಬ್ಬ ಹೆಂಗಸು, ಕಚ್ಚೆ ಬಿಗಿದುಕೊಂಡು ಎಳೆಯುತ್ತಿದ್ದಳು. ತಿರುಗಿ ನೋಡಿದಳು — ನನ್ನ ಮುಖವನ್ನಲ್ಲ, ಕಾಲನ್ನು.

"ಸಾಹೇಬ, ಹಿಮ್ಮಡಿ ಊರಿ ಎಳೀತೀರಲ್ಲ?" ಎಂದಳು ಮರಾಠಿಯಲ್ಲಿ. "ಪೇಟೆಯವರು ಬರೀ ಕೈಯಲ್ಲಿ ಎಳೀತಾರೆ. ಯಾವ ಊರು ನಿಮ್ಮದು?"

"ಪುಣೆ," ಎಂದೆ.

ಸುಳ್ಳು. ನಾನು ಅಂಕೋಲೆಯ ಕಡಲ ದಂಡೆಯವನು. ಅಪ್ಪ ಸತ್ತ ಮೇಲೆ ನನ್ನ ಅವ್ವಿ ಹೀಗೆಯೇ ಕಂಡವರ ಬಲೆಯ ಹಗ್ಗ ಹಿಡಿದು, ಪಾಲಿನ ಮೀನು ಬುಟ್ಟಿಯಲ್ಲಿ ಹೊತ್ತು ಮಾರಿ ನನ್ನನ್ನು ಸಾಕಿದಳು. ಹಿಮ್ಮಡಿ ಊರುವುದನ್ನು ಕಲಿಸಿದ್ದೂ ಅವಳೇ. ಪುಣೆಗೆ ಬಂದು 'ಶುದ್ಧ ಶಾಕಾಹಾರಿ' ಬೋರ್ಡು ಹಾಕಿದ ಮೇಲೆ ನಾನು ಇದನ್ನು ಒಬ್ಬರಿಗೂ ಹೇಳಿರಲಿಲ್ಲ. ಹಿಂದೆಯೇ ಹಿರೇಮಠರು ನಿಂತಿದ್ದರಲ್ಲ, ಕಿವಿ ತೆರೆದುಕೊಂಡು — ಆಗ ಹೇಗೆ ಹೇಳುವುದು?

ಬಲೆ ಮೇಲೆ ಬಂತು. ಅಂದು ಮೀನು ಕಡಿಮೆ. ತಳದಲ್ಲಿ ಒಂದಿಷ್ಟು ಬಂಗಡೆ, ತಾರ್ಲೆ. ಬಲೆಯ ಹಿರಿಯನನ್ನು ಎಲ್ಲರೂ ತಾತ್ಯಾ ಎನ್ನುತ್ತಿದ್ದರು. ನಾನು ಅವನ ಮುಂದೆ ಹೋಗಿ ನಿಂತೆ.

"ತಾತ್ಯಾ, ನಮ್ಮ ಪಾಲು? ಮೂವತ್ತೆರಡು ಜನ, ನಾನೂ ಸೇರಿ ಮೂವತ್ಮೂರು."

ಬಲೆಯ ಹುಡುಗರು ಗುರ್ರೆಂದರು. ತಾತ್ಯಾ ಮೀನು ನೋಡಿದ, ನಮ್ಮ ಸಾಲು ನೋಡಿದ, ಮತ್ತೆ ಮೀನು ನೋಡಿದ.

"ಹಗ್ಗ ಹಿಡಿದಿದ್ದಾರೆ. ಪಾಲು ಹಾಕಿ."

ಹಾಕಿದರು. ಹಿರೇಮಠರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, "ಅಣ್ಣಾರ, ಇದನ್ನ ಹೆಂಗ ಹಿಡೀಬೇಕರೀ, ಬಾಲಾನೋ ತಲೀನೋ?" ಎಂದಾಗ ನಮ್ಮವರೆಲ್ಲ ಮರಳಿನ ಮೇಲೆ ಬಿದ್ದು ನಕ್ಕರು. ಆ ಹೆಂಗಸಿಗೆ ಬಂದದ್ದು ಒಂದು ಬಂಗಡೆ, ನಾಲ್ಕು ತಾರ್ಲೆ. ಅವಳು ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ನಮ್ಮ ಪಾಲೆಲ್ಲ ಮಧ್ಯಾಹ್ನದ ಬಿಸಿಲಿಗೆ ನಾರತೊಡಗಿದ್ದರಿಂದ, ಘಾಟಿನ ತಿರುವಿನಲ್ಲಿ ಬಸ್ಸು ನಿಲ್ಲಿಸಿ ಕಣಿವೆಗೆ ಸುರಿದೆವು.

ನನ್ನ ತಮಾಷೆ ಭಾರೀ ಹೆಸರು ಮಾಡಿತು. ಬಸ್ಸಿನ ಡ್ರೈವರ್ ಮುಂದಿನ ಪ್ರವಾಸಿಗಳಿಗೆಲ್ಲ ಹೇಳಿದ. ಬಂದವರೆಲ್ಲ ಹಗ್ಗ ಮುಟ್ಟಿ ಪಾಲು ಕೇಳತೊಡಗಿದರು.

ಆರೇಳು ವರ್ಷ ಬಿಟ್ಟು ಒಬ್ಬನೇ ಹೋದೆ. ಹಗ್ಗದ ಹತ್ತಿರ ಹೋಗುತ್ತಿದ್ದಂತೆ ಒಬ್ಬ ಹುಡುಗ ಕೈ ಅಡ್ಡ ಹಿಡಿದ. ಬಲೆಯ ಮನೆತನದವರನ್ನು ಬಿಟ್ಟು ಬೇರೆ ಯಾರೂ ಹಗ್ಗ ಮುಟ್ಟುವಂತಿಲ್ಲವಂತೆ. ತಾತ್ಯಾನೇ ಸಾಯುವ ಮೊದಲು ಹಾಕಿದ ಕಟ್ಟಳೆ.

"ಹಾಗಾದರೆ ದೋಣಿ ಬಲೆ ಇಲ್ಲದವರು?" ಎಂದೆ.

"ಅವರು ಲಾಡ್ಜುಗಳಲ್ಲಿ ಕೆಲಸ ಮಾಡ್ತಾರೆ."

ನಾನು ಇಳಿದುಕೊಂಡಿದ್ದ ಲಾಡ್ಜಿನಲ್ಲೇ, ಅಂದು ನನ್ನ ಮುಂದೆ ಹಗ್ಗ ಎಳೆದವಳಿದ್ದಳು. ಶೇವಂತಿಬಾಯಿ — ಹೆಸರು ಗೊತ್ತಾದದ್ದೇ ಆಗ. ಗಂಡ ಕಡಲಿಗೆ ಹೋದವನು ಮರಳಿರಲಿಲ್ಲ. ಅವಳಿಗಿದ್ದದ್ದು ಆ ಹಗ್ಗ ಒಂದೇ. ಈಗ ಪ್ರವಾಸಿಗಳ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಬಾಗಿಲಲ್ಲಿ ಬಕೆಟ್ ಇಟ್ಟು, ನನ್ನ ಕಾಲನ್ನೊಮ್ಮೆ ನೋಡಿ ಹೇಳಿದಳು: "ಪುಣೆಯವರೇ, ಬಿಸಿನೀರು."

ಅಷ್ಟೇ. ಆಗಲೂ ನಾನು ಬಾಯಿ ಬಿಡಲಿಲ್ಲ.

ಇದನ್ನು ಓದಿ ಯಾರೂ ನನ್ನ ಬೆನ್ನು ಸವರಲು ಬರಬೇಡಿ. ಯಾಂತ್ರಿಕ ದೋಣಿಗಳು ಬಂದವು, ಆ ಪದ್ಧತಿ ಹೇಗೂ ಹೋಗುತ್ತಿತ್ತು ಎನ್ನಬೇಡಿ. ಹೋಗುತ್ತಿತ್ತೋ ಏನೋ. ಕಳಿಸಿದವನು ನಾನು. ಏನೂ ತಿಳಿಯದ ಪೇಟೆಯವನ ಹುಡುಗಾಟ ಎಂದೂ ಅನ್ನಬೇಡಿ. ಆ ಮೂವತ್ಮೂರು ಜನರಲ್ಲಿ ತಿಳಿದವನು ನಾನೊಬ್ಬನೇ.

ಹಿರೇಮಠರು ಈಗಲೂ ಹೊಸಬರ ಮುಂದೆ ಆ ಕಥೆ ಶುರು ಮಾಡುತ್ತಾರೆ: "ಮೀನ ಮುಟ್ಟದ ನಮಗ ಮೀನಿನ ಪಾಲು ಕೊಡಿಸಿದ ಪುಣ್ಯಾತ್ಮ ಇಂವಾ!" ಹಿರೇಮಠರೇ, ಇನ್ನು ಮೇಲೆ ಕಥೆಯನ್ನು ಪೂರ್ತಿ ಹೇಳಿ. ನಿಮಗೆ ಇಷ್ಟು ವರ್ಷ ಇಡ್ಲಿ ಬಡಿಸಿದವನು ರಂಪಣಿಯ ಹಗ್ಗ ಎಳೆದವಳ ಮಗ. ಅದು ಗಂಟಲಲ್ಲಿ ಇಳಿಯದಿದ್ದರೆ ಎದುರಿಗೇ ಇನ್ನೊಂದು ಹೋಟೆಲಿದೆ. ಸಾಂಬಾರು ಮಾತ್ರ ನನ್ನಷ್ಟು ಚೆನ್ನಾಗಿಲ್ಲ.

ಶೇವಂತಿಬಾಯಿಗೆ ಕನ್ನಡ ಓದಲು ಬರುವುದಿಲ್ಲ. ಅವಳಿಗೆ ತಿಳಿಯದ ಭಾಷೆಯಲ್ಲಿ ತಪ್ಪೊಪ್ಪಿಕೊಳ್ಳುವುದು — ಇದೂ ನನ್ನದೇ ಒಂದು ಕಿಡಿಗೇಡಿತನ, ಗೊತ್ತು. ಅದಕ್ಕೇ ಬಸ್ಸಿಗೆ ಟಿಕೆಟ್ ತೆಗೆಸಿದ್ದೇನೆ. ಅವಳು ಇದ್ದಾಳೋ ಇಲ್ಲವೋ ತಿಳಿಯದು. ಇದ್ದರೆ ಕ್ಷಮಿಸು ಎನ್ನುವುದಿಲ್ಲ. ಅವಳು ಕೇಳಿದ್ದು ಅದನ್ನಲ್ಲ. ಅವಳು ಕೇಳಿದ್ದು, ಯಾವ ಊರು ಎಂದು.

ಅದನ್ನು ಹೇಳಿ ಬರುತ್ತೇನೆ.