ಕಂಬಿಯ ಮೇಲಿನ ಹಗ್ಗದ ಗಂಟು

ಗಿರಿಜಕ್ಕ, ಆ ಫೋಟೋ ನೆರೆಯ ನೀರಿನಲ್ಲಿ ಹೋಗಲಿಲ್ಲ. ಅದನ್ನು ಹಾಳು ಮಾಡಿದವನು ನಾನು. ನೀರು ಬರುವುದಕ್ಕೆ ಮೂರು ವಾರ ಮೊದಲೇ, ಒಂದು ಭಾನುವಾರ ಮಧ್ಯಾಹ್ನ, ಡೊಂಬಿವಲಿಯ ನನ್ನ ಮನೆಯ ಮೇಜಿನ ಮೇಲೆ, ಈ ಎರಡು ಕೈಗಳಿಂದ. ನಮ್ಮ ಮನೆಗೂ ನೀರು ನುಗ್ಗಿತ್ತು ಎಂದದ್ದು ಸುಳ್ಳು. ನಾನಿದ್ದದ್ದು ಮೂರನೆಯ ಮಹಡಿಯಲ್ಲಿ — ಅಲ್ಲಿಗೆ ನೀರು ಬರಬೇಕಾದರೆ ಡೊಂಬಿವಲಿಗೆ ಡೊಂಬಿವಲಿಯೇ ಮುಳುಗಬೇಕಿತ್ತು. ನೀವು ಒಮ್ಮೆಯೂ ನಮ್ಮ ಮನೆಗೆ ಬಂದವರಲ್ಲ, ಎಷ್ಟನೆಯ ಮಹಡಿ ಎಂದು ಕೇಳಲೂ ಇಲ್ಲ. ಕೇಳದೆ ನಂಬಿದಿರಿ.

ಇದು ಮೊದಲನೆಯ ತಪ್ಪು. ಎರಡನೆಯದು ಇದಕ್ಕಿಂತ ದೊಡ್ಡದು. ಅದಕ್ಕೂ ಬರುತ್ತೇನೆ — ಈ ಸಲ ತಪ್ಪಿಸಿಕೊಳ್ಳುವುದಿಲ್ಲ.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ. ಮೊದಲಿನಿಂದ ಹೇಳದೆ ಹೋದರೆ ನಾನು ನಡುವೆ ಎಲ್ಲಾದರೂ ನುಣುಚಿಕೊಳ್ಳುವ ಆಸಾಮಿ.

ಮೈಸೂರಿನಿಂದ ಬಂದು ರಬಾಳೆಯ ಪಂಪು ಕಾರ್ಖಾನೆಯಲ್ಲಿ ನಕ್ಷೆಗಳನ್ನು ಜೋಡಿಸಿಡುವ ಕೆಲಸಕ್ಕೆ ಸೇರಿದಾಗ ನನಗೆ ಈ ಕಡೆ ಪರಿಚಯದವರೆಂದು ಒಬ್ಬರೂ ಇರಲಿಲ್ಲ. ಕಲ್ಯಾಣದಲ್ಲಿ ಕೋಣೆ ಹಿಡಿದೆ. ನಿಮ್ಮ ನೆಲಮಹಡಿಯ ಮನೆಯ ಊಟದ ವಾಸನೆ ಹಿಡಿದುಕೊಂಡೇ ನಿಮ್ಮ ಬಾಗಿಲಿಗೆ ಬಂದದ್ದು. ನಾಲ್ಕು ವರ್ಷ ನಿಮ್ಮ ಕೈಯ ಅನ್ನ ತಿಂದೆ. ಡೊಂಬಿವಲಿಗೆ ಮನೆ ಬದಲಿಸಿದ ಮೇಲೂ ಭಾನುವಾರ ಎರಡು ಸ್ಟೇಷನ್ ಹಿಂದಕ್ಕೆ ಬಂದು ಉಂಡು ಹೋಗುತ್ತಿದ್ದೆ. ಮದುವೆ ಆಗಿರಲಿಲ್ಲ, ಆಗಲೂ ಇಲ್ಲ. ಮಾತಾಡಲು ಜನ ಇರಲಿಲ್ಲವೆಂದು ಹಡಗುಗಳನ್ನು ಹಿಡಿದುಕೊಂಡೆ.

ಹಾಗೆಂದರೆ ನಗು ಬರುತ್ತದೆ. ನಾನು ಕೆರೆ ನೋಡಿ ಬೆಳೆದವನು. ಬಂದರಿನಲ್ಲಿ ಲಾಂಚ್ ಹತ್ತಿ ಬೂದು ಬಣ್ಣದ ಯುದ್ಧನೌಕೆಯನ್ನು ಮೊದಲ ಸಲ ಹತ್ತಿರದಿಂದ ಕಂಡಾಗ ಅರ್ಧ ಗಂಟೆ ಬೆರಗು, ಅರ್ಧ ಗಂಟೆ ವಾಂತಿ. ಆಮೇಲೆ ಸಮುದ್ರದ ಸಹವಾಸ ಬಿಟ್ಟು ಕಂಪ್ಯೂಟರಿನಲ್ಲಿಯೇ ನೌಕಾಪಡೆ ಕಟ್ಟಿದೆ. ಯುದ್ಧನೌಕೆಗಳ, ಕಡಲ ಕಾಳಗಗಳ ಹಳೆಯ ಫೋಟೋಗಳನ್ನು ರದ್ದಿ ಅಂಗಡಿಗಳಿಂದ, ನಿವೃತ್ತ ನಾವಿಕರ ಮನೆಗಳಿಂದ ತಂದು, ಸ್ಕ್ಯಾನ್ ಮಾಡಿ, ಹೆಸರು, ಸಂಖ್ಯೆ ಹಚ್ಚಿ ಒಂದು ಜಾಲತಾಣದಲ್ಲಿ ಏರಿಸುತ್ತಿದ್ದೆ. ಕಟ್ಟಡದಲ್ಲಿ ಎದುರು ಮನೆಯವರಿಗೆ ನನ್ನ ಹೆಸರು ಗೊತ್ತಿರಲಿಲ್ಲ. ಆದರೆ ನಾರ್ವೆಯಲ್ಲಿ ಒಬ್ಬ ಮುದುಕ ಪ್ರತಿ ಹುಟ್ಟುಹಬ್ಬಕ್ಕೆ ನನಗೆ ಪತ್ರ ಬರೆಯುತ್ತಿದ್ದ. ಆ ಮುದುಕ ಮತ್ತು ಅವನಂಥ ಹತ್ತಿಪ್ಪತ್ತು ಜನ — ಅವರೇ ನನ್ನ ಬಳಗ. ಅವರ ಶಹಬ್ಬಾಸ್ ಒಂದಕ್ಕಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಆ ಬಳಗಕ್ಕೆ ಕೆಲವು ಕಟ್ಟಳೆಗಳಿದ್ದವು. ಒಂದು ಹಡಗು, ಒಂದು ಕೋನ, ಒಂದೇ ಚಿತ್ರ. ಉತ್ತಮವಾದದ್ದು ಸಿಕ್ಕರೆ ಹಳೆಯದನ್ನು ಅಳಿಸಿ ಅದೇ ಹೆಸರಿನಲ್ಲಿ ಹೊಸದನ್ನು ಇಡಬೇಕು. ಹಡಗು ಪೂರ್ತಿ ಕಾಣಬೇಕು — ಮೂತಿಯ ಮೇಲಿನ ಸಂಖ್ಯೆ, ಫಿರಂಗಿ, ಕೂವೆಮರ. ಚಿತ್ರದಲ್ಲಿ ಮನುಷ್ಯರಿದ್ದರೆ ಅವರಿಗೆ ನಾವು ಇಟ್ಟ ಹೆಸರು ‘ಅಡ್ಡಿ’. ಎಡಗಡೆ ಇಬ್ಬರು ಅಡ್ಡಿ, ಫಿರಂಗಿಗೆ ಒಬ್ಬ ಅಡ್ಡಿ. ಹೀಗೆ ಬರೆದುಕೊಳ್ಳುತ್ತಿದ್ದೆವು.

ನಿಮ್ಮ ಅಡುಗೆಮನೆಯ ಗೋಡೆಯಲ್ಲಿ ವಾಸಣ್ಣ ಇದ್ದರು. ನೌಕಾಪಡೆಯ ಹಡಗಿನಲ್ಲಿ ಅಡುಗೆಯವರಾಗಿದ್ದ ನಿಮ್ಮ ಯಜಮಾನರು. ಯುದ್ಧಕ್ಕೆ ಹೋದ ಹಡಗು ಪೆಟ್ಟು ತಿಂದು ಮರಳಿ ಬಂತು, ಅವರು ಬರಲಿಲ್ಲ. ಸುಜಾತಾ ಹುಟ್ಟಿದ್ದು ಆಮೇಲೆ ಮೂರು ತಿಂಗಳಿಗೆ. ಅಪ್ಪ ಎಂದರೆ ಅವಳಿಗೆ ಗೋಡೆಯ ಮೇಲಿನ ಆ ಫೋಟೋ — ದಡದಿಂದ ತೆಗೆದದ್ದು, ಹಡಗಿನ ಅಟ್ಟದ ಮೇಲೆ, ಫಿರಂಗಿಯ ಮುಂದೆ, ಕಂಬಿ ಹಿಡಿದು ನಿಂತು ನಗುತ್ತಿರುವ ಮನುಷ್ಯ. ಅದರ ಚೌಕಟ್ಟಿಗೆ ನೀವು ದಿನಾ ಹೂವಿಡುತ್ತಿದ್ದಿರಿ.

ನಾನು ನಾಲ್ಕು ವರ್ಷ ಅದರ ಕೆಳಗೆ ಕೂತು ಉಂಡೆ. ನೋಡಿದ್ದು ಹಿಂದಿನ ಫಿರಂಗಿಯನ್ನು. ಆ ಹಡಗಿನ, ಆ ಕೋನದ ಚಿತ್ರ ಲೋಕದಲ್ಲಿ ಯಾರ ಹತ್ತಿರವೂ ಇರಲಿಲ್ಲ. ಕೇಳಲು ಬಾಯಿ ಬರದೆ ಸುತ್ತಿ ಬಳಸಿ ಜಾಲತಾಣದ ವಿಷಯ ತೆಗೆದಾಗ ನೀವೇ ಸ್ಟೂಲು ಹತ್ತಿ ಇಳಿಸಿಕೊಟ್ಟಿರಿ.

"ತಗೊಂಡು ಹೋಗಿ ಮಾರಾಯ್ರೆ, ಅದಕ್ಕೆಂತ ಸಂಕೋಚ? ಇವರು ಒಲೆ ಮುಂದೆ ನಿಂತೇ ಹೋದವರು, ಯಾರು ಕಂಡಿದ್ದಾರೆ ಇವರನ್ನ? ಇಡೀ ಲೋಕ ನೋಡ್ಲಿ ಒಂದ್ಸಲ."

ಇವರನ್ನು ನೋಡಲಿ ಎಂದು ಕೊಟ್ಟಿರಿ. ನಾನು ಮಾಡಿದ್ದನ್ನು ಬರೆಯುತ್ತೇನೆ.

ಇಷ್ಟು ವರ್ಷದ ಅನ್ನದ ಹಬೆ ತಾಗಿ ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಗಾಜಿನ ಸಮೇತ ಸ್ಕ್ಯಾನ್ ಮಾಡಿದೆ. ಚೆನ್ನಾಗಿಯೇ ಬಂತು, ವಾಸಣ್ಣನ ಹಲ್ಲು ಕೂಡ ಕಾಣುತ್ತಿತ್ತು. ಹಡಗಿನ ಸಂಖ್ಯೆಯ ಮೇಲೆ ಮಾತ್ರ ಒಂದು ಬೆಳಕಿನ ಗೆರೆ ಬಿದ್ದಿತ್ತು. ಆ ಒಂದು ಗೆರೆಗೋಸ್ಕರ ಫೋಟೋವನ್ನು ಗಾಜಿನಿಂದ ಬಿಡಿಸಲು ಹೊರಟೆ. ಅಂಟಿದ ಫೋಟೋ ಎಳೆಯಬಾರದು, ಎಳೆದರೆ ಚಿತ್ರ ಗಾಜಿಗೇ ಉಳಿಯುತ್ತದೆ ಎಂದು ನನ್ನ ಜಾಲತಾಣದ ಮೊದಲ ಪುಟದಲ್ಲಿ ಊರಿಗೆಲ್ಲ ಬುದ್ಧಿ ಹೇಳಿದವನು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮೂಲೆ ಸಲೀಸಾಗಿ ಬಂತು, ಹಡಗಿನ ಮೂತಿ ಬಂತು, ಸಂಖ್ಯೆ ಬಂತು. ನಡುವೆ ಹಿಡಿದುಕೊಂಡಿತು. ನಿಲ್ಲಿಸಬಹುದಿತ್ತು. ಇನ್ನೊಂಚೂರು ಎಂದು ಎಳೆದೆ. ಸರ್ರನೆ ಬಂದೇ ಬಿಟ್ಟಿತು — ವಾಸಣ್ಣ ಬರಲಿಲ್ಲ. ಅವರು ಚೂರು ಚೂರಾಗಿ ಗಾಜಿನ ಮೇಲೆ ಉಳಿದಿದ್ದರು. ಕಾಗದದಲ್ಲಿ ಅವರಿದ್ದ ಜಾಗ ಬೆಳ್ಳಗೆ ಇತ್ತು.

ಆಗಲೂ ಎಲ್ಲ ಮುಗಿದಿರಲಿಲ್ಲ, ಅಕ್ಕ. ಇದನ್ನು ನೀವು ತಿಳಿಯಲೇಬೇಕು. ಮೊದಲ ಸ್ಕ್ಯಾನಿನಲ್ಲಿ ಅವರು ಪೂರ್ತಿ ಇದ್ದರು. ಅದನ್ನೇ ಅಚ್ಚು ಹಾಕಿಸಿ, ಹೊಸ ಚೌಕಟ್ಟು ಕಟ್ಟಿಸಿ, ಕಾಲಿಗೆ ಬಿದ್ದಿದ್ದರೆ ನೀವು ಬೈದು ಊಟಕ್ಕೆ ಕೂರಿಸುತ್ತಿದ್ದಿರಿ. ಆದರೆ ಮುಂದಿನ ದಿನಗಳಲ್ಲಿ ನಾನು ಮಾಡಿದ್ದೇ ಬೇರೆ. ಎರಡು ಸ್ಕ್ಯಾನುಗಳನ್ನು ಸೇರಿಸಿ ಒಂದು ಚೊಕ್ಕ ಚಿತ್ರ ಮಾಡಿದೆ. ಫಿರಂಗಿಗೆ ಒಬ್ಬ ಅಡ್ಡಿ ಇದ್ದನಲ್ಲ — ಪಕ್ಕದ ಬೂದು ಬಣ್ಣವನ್ನು ಎತ್ತಿ ಎತ್ತಿ ಅವನ ಮೇಲೆ ಬಳಿದೆ. ಮುಖಕ್ಕೆ ಆಕಾಶ, ಎದೆಗೆ ಉಕ್ಕು, ಕಾಲಿಗೆ ಹಲಗೆ. ಆಮೇಲೆ ಕಟ್ಟಳೆಯಂತೆ ಅದೇ ಹೆಸರಿನಲ್ಲಿ ಸೇವ್ ಮಾಡಿದೆ. ಹಳೆಯದು ಹೋಯಿತು. ಗಿರಿಜಕ್ಕನ ಪೆಟ್ಟಿಗೆಯಲ್ಲಿ ಮದುವೆಯ ಆಲ್ಬಂ ಇದೆಯಲ್ಲ ಎಂದುಕೊಂಡೆ. ನಿಜ ಹೇಳಲೇ? ಅಷ್ಟು ಕೂಡ ಅಂದುಕೊಳ್ಳಲಿಲ್ಲ. ಚಿತ್ರ ಸುಂದರವಾಗಿತ್ತು, ನನಗೆ ಖುಷಿಯಾಗಿತ್ತು. ನಾರ್ವೆಯ ಮುದುಕ ಇಂಥ ನಿರ್ಮಲವಾದ ಚಿತ್ರ ಕಂಡಿಲ್ಲ ಎಂದು ಬರೆದ.

ಒಂದು ಕಡೆ ಮಾತ್ರ ಕೆಲಸ ಕೆಟ್ಟಿತ್ತು. ಕಂಬಿಯನ್ನು ಅವರು ಬಿಗಿಯಾಗಿ ಹಿಡಿದಿದ್ದ ಜಾಗದಲ್ಲಿ ಏನು ಬಳಿದರೂ ಕಂಬಿ ಸೊಟ್ಟಗಾಗುತ್ತಿತ್ತು. ಬೇಸತ್ತು ಬೆರಳುಗಳನ್ನು ಹಾಗೆಯೇ ಬಿಟ್ಟೆ. ಕಂಬಿಯ ಮೇಲೆ ಅದೇನು ಎಂದು ಬಳಗದವರು ವಾರಗಟ್ಟಲೆ ಚರ್ಚಿಸಿದರು. ಒಬ್ಬ ಕೊಕ್ಕೆ ಎಂದ, ಇನ್ನೊಬ್ಬ ದೀಪದ ಹಿಡಿ ಎಂದ. ಕೊನೆಗೆ ನಾನೇ ಚಿತ್ರದ ಅಡಿಯಲ್ಲಿ ಬರೆದೆ: ಹಗ್ಗದ ಗಂಟು.

ನೀವು ಫೋನಿನಲ್ಲಿ ಕೇಳಿದಾಗಲೆಲ್ಲ ಇನ್ನೊಂದು ವಾರ ಎನ್ನುತ್ತಿದ್ದೆ. ಅಷ್ಟರಲ್ಲಿ ಎರಡು ಸಾವಿರದ ಐದರ ಆ ಜುಲೈ ಮಳೆ. ನಿಮ್ಮ ಮನೆಯಲ್ಲಿ ನೀರು ಎದೆಯ ಮಟ್ಟ ನಿಂತಿತ್ತು. ನಾಲ್ಕನೆಯ ದಿನ ನಾನು ಬಂದಾಗ ನೀವು ಬೀದಿಯಲ್ಲಿ ಪೆಟ್ಟಿಗೆ ತೆರೆದಿಟ್ಟುಕೊಂಡು ಕೂತಿದ್ದಿರಿ. ಮದುವೆಯ ಆಲ್ಬಂ ಕೆಸರಿನ ಮುದ್ದೆಯಾಗಿತ್ತು. ನೌಕಾಪಡೆಯ ಕಾಗದಪತ್ರ, ಅವರ ಗುರುತಿನ ಚೀಟಿ — ಯಾವುದರಲ್ಲಿಯೂ ಮುಖ ಉಳಿದಿರಲಿಲ್ಲ. ನನ್ನನ್ನು ಕಂಡದ್ದೇ ನಿಮ್ಮ ಮುಖ ಅರಳಿತು.

"ಎಲ್ಲ ಹೋಯ್ತು ನೋಡಿ. ದೇವರು ದೊಡ್ಡವ, ಆ ಒಂದು ಫೋಟೋ ನಿಮ್ಮ ಹತ್ರ ಉಂಟಲ್ಲ. ಅಷ್ಟು ಸಾಕು ನಂಗೆ."

ಅಕ್ಕ, ಆ ಕ್ಷಣದಲ್ಲಿ ನಾನು ಹೇಳಬೇಕಾದ ಮಾತು ಒಂದೇ ಇತ್ತು. ನನ್ನ ಬಾಯಿಂದ ಬಂದದ್ದು, "ನಮ್ಮನೆಗೂ ನೀರು ಬಂದ್ಬಿಡ್ತು ಅಕ್ಕ."

ನೀವು ಅಳಲಿಲ್ಲ. ಕೆಸರಿನ ಕೈಯಲ್ಲೇ ನನ್ನ ತೋಳು ಹಿಡಿದು, "ನಿಮ್ಗೂ ಬಂತಾ? ಊಟ ಮಾಡಿದ್ರಾ?" ಎಂದು ಕೇಳಿದಿರಿ. ಉಂಡ ಮನೆಗೆ ಎರಡು ಬಗೆದವನನ್ನು ಊಟವಾಯಿತೇ ಎಂದು ಕೇಳಿದಿರಿ.

ಮರುದಿನ ಆ ಗಾಜನ್ನೂ ಕಾಗದವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲಸಕ್ಕೆ ಹೊರಟೆ. ಕಳವಾ ದಾಟಿ ಠಾಣೆಯ ಖಾಡಿಯ ಹಿನ್ನೀರು ಬಂದಾಗ ಜನ ರೈಲಿನ ಬಾಗಿಲಿನಿಂದ ದೇವರ ಬಾಡಿದ ಹೂವಿನ ಚೀಲಗಳನ್ನು ನೀರಿಗೆ ಎಸೆಯುತ್ತಾರಲ್ಲ, ನಾನೂ ಎಸೆದೆ. ನನ್ನದೂ ನಿರ್ಮಾಲ್ಯವೇ ಎಂದುಕೊಂಡು ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯರು ಕೈಮುಗಿದರು. ಖಾಡಿಯ ನೀರು ಕೆಂಪಗಿತ್ತು. ನಾನು ಠಾಣೆಯಲ್ಲಿ ಇಳಿದು, ರಬಾಳೆಯ ಗಾಡಿ ಹಿಡಿದು, ಆ ದಿನದ ನಕ್ಷೆಗಳನ್ನು ಒಂದೂ ತಪ್ಪಿಲ್ಲದಂತೆ ಜೋಡಿಸಿದೆ.

ಇನ್ನು ಎರಡನೆಯದು.

ನೀವು ಸುಜಾತಾಳ ಜೊತೆ ಕಾಮೋಠೆಗೆ ಹೋದಿರಿ. ನಾನು ಬರುವುದನ್ನು ಕಡಿಮೆ ಮಾಡಿದೆ. ಏಳು ವರ್ಷದ ಮೇಲೆ ಒಂದು ಭಾನುವಾರ ಊಟಕ್ಕೆ ಕರೆದಿರಿ. ಕೈ ತೊಳೆದು ಬಂದಾಗ ಸುಜಾತಾ ಲ್ಯಾಪ್‌ಟಾಪ್ ತೆರೆದಿಟ್ಟಿದ್ದಳು. ಅಪ್ಪನ ಹಡಗಿನ ಹೆಸರು ಹುಡುಕುತ್ತ ಹೋಗಿ ಅವಳಿಗೆ ನನ್ನ ಜಾಲತಾಣವೇ ಸಿಕ್ಕಿತ್ತು. ನೀವು ಕನ್ನಡಕ ಏರಿಸಿ ಪರದೆಯ ಹತ್ತಿರ ಬಾಗಿದಿರಿ.

"ಇದೇ ಹಡಗು. ಇದೇ ಫೋಟೋ. ಆದ್ರೆ ಇವರೆಲ್ಲಿ? ಇಲ್ಲೇ ನಿಂತಿದ್ರು, ಈ ಕಂಬಿ ಹಿಡ್ಕೊಂಡು."

"ಅದು ಬೇರೆ ಫೋಟೋ ಅಕ್ಕ," ಎಂದೆ. "ಇದು ಬೇರೆ. ಬೇರೆ ದಿನ ತೆಗೆದಿರೋದು."

"ಹೌದಾ? ಆ ಮೋಡ ಕೂಡ ಹಾಗೇ ಉಂಟಲ್ಲ... ಇದೆಂತ, ಇಲ್ಲಿ?"

ಸುಜಾತಾ ನಿಮಗೆ ಕಾಣಲೆಂದು ಅಲ್ಲಿಯೇ ಬೆರಳಿಟ್ಟು ತೋರಿಸಿದಳು. ಅವಳ ಕಿರುಬೆರಳು ಹುಟ್ಟಿನಿಂದಲೇ ಒಳಕ್ಕೆ ಸೊಟ್ಟ — ಅದು ಅಪ್ಪನದೇ ಬಳುವಳಿ ಎಂದು ನೀವು ಎಷ್ಟೋ ಸಲ ಹೇಳಿದ್ದಿರಿ. ಅವಳ ಆ ಬೆರಳಿನ ಪಕ್ಕದಲ್ಲಿ, ಕಂಬಿಯ ಮೇಲೆ, ಅಂಥದೇ ಸೊಟ್ಟ ಕಿರುಬೆರಳು. ನಾನು ಕಂಡೆ. ಕಂಡೂ ಹೇಳಿದೆ, "ಹಗ್ಗದ ಗಂಟು ಅಕ್ಕ."

ಆ ಫೋಟೋದಲ್ಲಿ ಸುಜಾತಾ ನೋಡುತ್ತಿದ್ದದ್ದು ಅಪ್ಪನನ್ನು, ಹಡಗನ್ನಲ್ಲ. ಅವಳು ನಿಮ್ಮ ಬೆನ್ನು ಸವರಿ, "ಅಮ್ಮಾ, ಹಲ್ಲಿ ತೂ ಖೂಪ್ ವಿಸರತೇಸ್," ಎಂದಳು. ನೀನು ಈಚೆಗೆ ತುಂಬ ಮರೆಯುತ್ತೀ ಎಂದು. ನೀವು ಕನ್ನಡಕ ತೆಗೆದಿರಿ. "ಇರ್ಬೌದು. ನಂಗೇ ತಲೆ ಸರಿ ಇಲ್ಲ ಈಗೀಗ," ಎಂದು ಒಳಗೆ ಹೋಗಿ ನನಗೆ ಮಜ್ಜಿಗೆ ತಂದಿರಿ. ನಾನು ಅದನ್ನು ಕುಡಿದೆ.

ಆ ದಿನದ ನಂತರ ನೀವು ವಾಸಣ್ಣನ ಮಾತು ಎತ್ತುವುದನ್ನೇ ಬಿಟ್ಟಿರಂತೆ. ಹೋದ ತಿಂಗಳು ಸುಜಾತಾ ಫೋನಿನಲ್ಲಿ ಹೇಳಿದಳು. ಅವಳಿಗೂ ಆ ಮುಖ ಈಗ ಮಸುಕಂತೆ; ಅಪ್ಪನಿಗೆ ಮೀಸೆ ಇತ್ತೋ ಇಲ್ಲವೋ ಎಂದು ಕೇಳಿದರೆ, "ನಂಗೆ ನೆನಪಿಲ್ಲ, ನಾನು ಹೇಳಿದ್ದು ನಂಬಬೇಡ," ಎನ್ನುತ್ತೀರಂತೆ. ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳಂತೆ. ಅವರು ಏನೂ ತೊಂದರೆ ಇಲ್ಲ ಎಂದರಂತೆ. ಫೋಟೋ ಹೋದ ಮೇಲೆ ವಾಸಣ್ಣನ ಮುಖ ಸ್ಪಷ್ಟವಾಗಿ ಇದ್ದದ್ದು ನಿಮ್ಮ ನೆನಪಿನಲ್ಲಿ ಮಾತ್ರ. ನಾನು ಅದಕ್ಕೂ ಕೈ ಹಾಕಿದೆ.

ಮೀಸೆ ಇತ್ತು, ಅಕ್ಕ. ತೆಳ್ಳಗೆ, ಎಡಗಡೆ ಸ್ವಲ್ಪ ಮೇಲೆ. ಅದನ್ನು ಅಳಿಸಿದವನಿಗೆ ನೆನಪಿರದೆ ಇನ್ಯಾರಿಗೆ ನೆನಪಿರುತ್ತದೆ.

ಕಳೆದ ವಾರ ಜಾಲತಾಣದಲ್ಲಿ ಚಿತ್ರದ ಅಡಿಯ ಬರಹ ಬದಲಿಸಿದೆ. ಈ ಚಿತ್ರ ಸುಳ್ಳು, ಇಲ್ಲಿ ವಾಸುದೇವ ಎಂಬ ಅಡುಗೆಯವರು ನಿಂತಿದ್ದರು, ಅವರನ್ನು ಅಳಿಸಿದವನು ನಾನು ಎಂದು ಬರೆದೆ. ಬಳಗದವರು ಇನ್ನೆಷ್ಟು ಚಿತ್ರಗಳನ್ನು ಹೀಗೆ ತಿದ್ದಿದ್ದೀ ಎಂದು ಕೇಳಿದರು. ಮೊನ್ನೆ ನನ್ನ ಹುಟ್ಟುಹಬ್ಬಕ್ಕೆ ನಾರ್ವೆಯ ಮುದುಕನ ಪತ್ರ ಬರಲಿಲ್ಲ. ಅವರು ಮಾಡಿದ್ದು ಸರಿ. ಈಗ ನನ್ನ ಮನೆ ಬಹಳ ನಿಶ್ಶಬ್ದವಾಗಿದೆ. ಅದನ್ನು ಹೇಳಿಕೊಂಡು ನಿಮ್ಮ ಕರುಣೆ ಕೇಳುವ ಹಕ್ಕು ನನಗಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕಿ ಮನೆಯಲ್ಲಿ ಕೂರೋಣ ಎಂದು ಮೊದಲು ಅನ್ನಿಸಿತ್ತು. ಆದರೆ ನಿಮಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ, ಸುಜಾತಾಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಭಾನುವಾರ ನಾನೇ ಕಾಮೋಠೆಗೆ ಬಂದು, ನಿಮ್ಮಿಬ್ಬರ ಎದುರು ನಿಂತು, ಇದನ್ನು ಓದುತ್ತೇನೆ. ಸುಜಾತಾಗೆ ಅರ್ಥವಾಗದ ಕಡೆ ಮರಾಠಿಯಲ್ಲಿ ಹೇಳುತ್ತೇನೆ. ಊಟಕ್ಕೆ ಕೂರುವುದಿಲ್ಲ. ಆ ಕಂಬಿಯ ಜಾಗವನ್ನಷ್ಟೇ ದೊಡ್ಡದು ಮಾಡಿ ಅಚ್ಚು ಹಾಕಿಸಿದ್ದೇನೆ, ಅದನ್ನು ನಿಮ್ಮ ಕೈಗೆ ಕೊಡುತ್ತೇನೆ. ನಾಲ್ಕು ಬೆರಳುಗಳು, ಕಿರುಬೆರಳು ಸೊಟ್ಟ. ವಾಸಣ್ಣನದೆಂದು ಲೋಕದಲ್ಲಿ ಉಳಿದಿರುವುದು ಅಷ್ಟೇ. ಅದೂ ನನ್ನ ಕೈಯಲ್ಲಿ ಸಾಗಲಿಲ್ಲವೆಂದು ಉಳಿದದ್ದು.

ನಿಮಗೆ ಮರೆವಿಲ್ಲ, ಅಕ್ಕ. ಅವರು ಅಲ್ಲೇ ನಿಂತಿದ್ದರು.